ಸತ್ತವರ ಊರಲ್ಲ, ಸ್ವತ್ತಿನ ಊರು

ಮನೆತನದ ಚರಿತ್ರೆಯನ್ನೋ ಊರಿನ ಚರಿತ್ರೆಯನ್ನೋ ಬರೆಯಹೊರಟ ಓದುಗರು ಈ ಅಂಕಣಕ್ಕೆ ಕಳುಹಿಸುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ: ನೂರಿನ್ನೂರು ವರ್ಷಗಳ ಹಿಂದೆ ತೀರಿಕೊಂಡವರ ಉಯಿಲನ್ನು ಇಂದು ಎಲ್ಲಿ ಹುಡುಕಬೇಕು, ಸಿಕ್ಕರೆ ಅದನ್ನು ಓದುವುದು ಹೇಗೆ? ಉಯಿಲು ಎಂದರೆ ತಾನು ಸತ್ತ ಮೇಲೆ ತನ್ನ ಸ್ವತ್ತು ಯಾರಿಗೆ ಸೇರಬೇಕೆಂದು ಬದುಕಿರುವಾಗಲೇ ಬರೆದಿಡುವ ಪತ್ರ. ಹಳೆಯ ಕೋರ್ಟು ಕಾಗದಗಳಲ್ಲಿ ಇದು ಮರಣಶಾಸನ, ಉತ್ತರ ಕರ್ನಾಟಕದಲ್ಲಿ ಮೃತ್ಯುಪತ್ರ, ಆಡುಮಾತಿನಲ್ಲಿ ವಿಲ್ಲು. ಆದರೆ ಬರೆದಿಟ್ಟ ಮಾತ್ರಕ್ಕೆ ಆ ಕಾಗದ ಸಾರ್ವಜನಿಕ ದಾಖಲೆಯಾಗುವುದಿಲ್ಲ. ಬರೆದವರು ತೀರಿಕೊಂಡ ಬಳಿಕ, ಅವರೇ ಉಯಿಲಿನಲ್ಲಿ ನೇಮಿಸಿದ ನಿರ್ವಾಹಕರು ಅದನ್ನು ಅಧಿಕಾರವುಳ್ಳ ನ್ಯಾಯಾಲಯದ ಮುಂದೆ ತಂದು, ಇದೇ ಅವರ ಕೊನೆಯ ಉಯಿಲು ಎಂದು ಪ್ರಮಾಣ ಮಾಡಿ, ನ್ಯಾಯಾಲಯವು ಅದನ್ನು ಒಪ್ಪಿ ಮೊಹರು ಹಾಕಿ ಸ್ವತ್ತನ್ನು ಹಂಚುವ ಅಧಿಕಾರ ಕೊಟ್ಟಾಗ ಅದು ದಾಖಲೆಯ ಸ್ಥಾನಕ್ಕೇರುತ್ತದೆ. ಈ ಒಪ್ಪಿಗೆಗೆ ಪ್ರೊಬೇಟ್ ಎಂದು ಹೆಸರು.

ಹುಡುಕಾಟದ ಬೀಗದ ಕೈ ಇರುವುದು ಈ ಪ್ರೊಬೇಟ್ ಎಂಬ ಮಾತಿನಲ್ಲಿಯೇ. ಪತ್ರಾಗಾರದ ಕಪಾಟುಗಳಲ್ಲಿ ಉಯಿಲುಗಳನ್ನು ಮನೆತನಗಳ ಪ್ರಕಾರ ಜೋಡಿಸಿರುವುದಿಲ್ಲ, ಸತ್ತವರ ಊರಿನ ಪ್ರಕಾರವೂ ಜೋಡಿಸಿರುವುದಿಲ್ಲ. ಯಾವ ನ್ಯಾಯಾಲಯ ಅವುಗಳನ್ನು ಒಪ್ಪಿತೋ ಆ ನ್ಯಾಯಾಲಯದ ಕಡತವಾಗಿ, ಒಪ್ಪಿದ ವರ್ಷದ ಅನುಕ್ರಮದಲ್ಲಿ ಅವು ಉಳಿದು ಬಂದಿರುತ್ತವೆ. ಆದುದರಿಂದ ಅಜ್ಜನ ಹೆಸರನ್ನು ಹಿಡಿದು ಹೊರಡುವ ಮೊದಲು, ಅಜ್ಜನ ಸ್ವತ್ತು ಎಲ್ಲೆಲ್ಲಿತ್ತು, ಆ ಸ್ವತ್ತಿನ ಮೇಲೆ ಯಾವ ನ್ಯಾಯಾಲಯದ ಅಧಿಕಾರ ನಡೆಯುತ್ತಿತ್ತು ಎಂಬುದನ್ನು ವಿಚಾರಿಸಬೇಕಾಗುತ್ತದೆ. ಬರಿಗೈಯಲ್ಲಿ ಮರಳುವವರಲ್ಲಿ ಹೆಚ್ಚಿನವರು ಈ ವಿಚಾರಣೆಯನ್ನು ಕೈಬಿಟ್ಟವರೇ. ಜಗತ್ತಿನಲ್ಲಿ ಇಂಥ ದಾಖಲೆಗಳು ಅತ್ಯಂತ ದಟ್ಟವಾಗಿ ಉಳಿದಿರುವ ದೇಶಗಳಲ್ಲಿ ಇಂಗ್ಲೆಂಡ್ ಒಂದು. ನಮ್ಮ ಉತ್ತರಾಧಿಕಾರ ಕಾಯಿದೆಯ ಬೇರೂ ಅಲ್ಲಿಯೇ ಇರುವುದರಿಂದ, ವಿಷಯವನ್ನು ಅಲ್ಲಿಂದ ಬಿಡಿಸುತ್ತ ಬರುವುದು ಅನುಕೂಲ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1858ರ ಜನವರಿ 12ರವರೆಗೆ ಉಯಿಲನ್ನು ಒಪ್ಪುವ ಅಧಿಕಾರ ಅರಸನ ನ್ಯಾಯಾಲಯಗಳಿಗೆ ಇರಲಿಲ್ಲ, ಚರ್ಚಿನ ನ್ಯಾಯಾಲಯಗಳಿಗೆ ಇತ್ತು ಎಂಬ ಸಂಗತಿ ಹೊಸಬರಿಗೆ ಸೋಜಿಗವೆನಿಸಬಹುದು. ಸಾಯುವವನು ತನ್ನ ಆತ್ಮದ ಸದ್ಗತಿಗಾಗಿ ದಾನಧರ್ಮ ಮಾಡಿ ಹೋಗುವುದು ಧರ್ಮದ ಕಾರ್ಯವೆಂದು ಮಧ್ಯಯುಗ ಭಾವಿಸಿದ್ದರಿಂದ, ಚರಾಸ್ತಿಯ ಹಂಚಿಕೆಯ ಮೇಲ್ವಿಚಾರಣೆ ಚರ್ಚಿನ ಪಾಲಿಗೆ ಬಂದಿತ್ತು. ಇಂಥ ನ್ಯಾಯಾಲಯಗಳು ಒಂದೆರಡಲ್ಲ, ಇನ್ನೂರಕ್ಕೂ ಹೆಚ್ಚು ಇದ್ದವು. ಕೆಳಗಡೆ ಆರ್ಚ್‌ಡೀಕನ್ ಎಂಬ ಅಧಿಕಾರಿಯ ನ್ಯಾಯಾಲಯ, ಅದರ ಮೇಲೆ ಬಿಷಪ್ಪರದು, ಎಲ್ಲಕ್ಕೂ ಮೇಲೆ ಇಬ್ಬರು ಆರ್ಚ್‌ಬಿಷಪ್ಪರ ವಿಶೇಷಾಧಿಕಾರದ ನ್ಯಾಯಾಲಯಗಳು: ಉತ್ತರಕ್ಕೆ ಯಾರ್ಕ್, ದಕ್ಷಿಣಕ್ಕೆ ಕ್ಯಾಂಟರ್‌ಬರಿ. ಇವುಗಳ ನಡುವೆ, ಬಿಷಪ್ಪರ ಅಧಿಕಾರಕ್ಕೂ ಒಳಪಡದ ಚಿಕ್ಕಪುಟ್ಟ ವಿಶೇಷ ನ್ಯಾಯಾಲಯಗಳೂ ಅಲ್ಲಲ್ಲಿ ಇದ್ದವು.

ಸತ್ತವನ ಚರಾಸ್ತಿಯೆಲ್ಲ ಒಬ್ಬ ಆರ್ಚ್‌ಡೀಕನ್ನನ ಸೀಮೆಯೊಳಗೇ ಇದ್ದರೆ ಅವನ ಉಯಿಲು ಅಲ್ಲಿಯೇ ಮುಗಿಯುತ್ತಿತ್ತು. ಎರಡು ಧರ್ಮಪ್ರಾಂತಗಳಲ್ಲಿ, ಅಂದರೆ ಇಬ್ಬರು ಬಿಷಪ್ಪರ ಸೀಮೆಗಳಲ್ಲಿ, ತಲಾ 5 ಪೌಂಡ್ ಅಥವಾ ಹೆಚ್ಚಿನ ಬೆಲೆಯ ಸ್ವತ್ತಿದ್ದರೆ ಅದು ಆರ್ಚ್‌ಬಿಷಪ್ಪರ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಉತ್ತರ ದಕ್ಷಿಣ ಎರಡೂ ಕಡೆ ಸ್ವತ್ತಿದ್ದರೆ ಕ್ಯಾಂಟರ್‌ಬರಿಯದೇ ಕೊನೆಯ ಮಾತು. ಇಂಗ್ಲೆಂಡಿನಲ್ಲಿ ಸ್ವತ್ತು ಬಿಟ್ಟು ಹೊರದೇಶದಲ್ಲೋ ಕಡಲಿನ ಮೇಲೋ ಸತ್ತವರ ಉಯಿಲುಗಳೂ ಅಲ್ಲಿಗೇ ಬರುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನಲ್ಲಿದ್ದ ಸರ್ಕಾರಿ ಸಾಲಪತ್ರಗಳನ್ನು ವಾರಸುದಾರರಿಗೆ ವರ್ಗಾಯಿಸಲು ಕ್ಯಾಂಟರ್‌ಬರಿಯ ಪ್ರೊಬೇಟನ್ನು ಬಿಟ್ಟು ಬೇರೆಯದನ್ನು ಒಪ್ಪದಿದ್ದ ಕಾರಣ, ಹಳ್ಳಿಯಲ್ಲಿ ಹುಟ್ಟಿ ಹಳ್ಳಿಯಲ್ಲೇ ಸತ್ತ ಸಾಮಾನ್ಯರ ಉಯಿಲುಗಳೂ ಲಂಡನ್ನಿನ ದಾರಿ ಹಿಡಿದವು.

ಕ್ಯಾಂಟರ್‌ಬರಿ ನ್ಯಾಯಾಲಯದ ಈ ರಾಶಿ ಇಂದು ಲಂಡನ್ನಿನ ಪಶ್ಚಿಮದ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಯಾರ್ಕಿನದು ಯಾರ್ಕ್ ವಿಶ್ವವಿದ್ಯಾಲಯದ ಬೋರ್ಥ್‌ವಿಕ್ ಸಂಸ್ಥೆಯಲ್ಲಿದೆ. ಕೆಳಗಿನ ನ್ಯಾಯಾಲಯಗಳ ಕಾಗದಗಳು ಬಹುಮಟ್ಟಿಗೆ ಆಯಾ ಕೌಂಟಿಯ, ಅಂದರೆ ಜಿಲ್ಲೆಯ, ದಾಖಲೆ ಕಚೇರಿಗಳಲ್ಲಿವೆ. ಕ್ಯೂನಲ್ಲಿ ಒಂದೇ ಉಯಿಲು ಎರಡು ರೂಪದಲ್ಲಿ ಇರುತ್ತದೆ ಎಂಬುದನ್ನು ತಿಳಿದಿರುವುದು ಲೇಸು. ನಿರ್ವಾಹಕರು ತಂದುಕೊಟ್ಟ ಮೂಲ ಕಾಗದ ಪ್ರಾಬ್ 10 ಎಂಬ ಶ್ರೇಣಿಯಲ್ಲಿದ್ದರೆ, ಶುಲ್ಕ ತೆತ್ತಾಗ ಗುಮಾಸ್ತರು ಅದನ್ನು ದೊಡ್ಡ ಚರ್ಮದ ಹಾಳೆಗಳ ಪುಸ್ತಕಗಳಲ್ಲಿ ನಕಲು ಮಾಡಿಟ್ಟ ಪ್ರತಿ ಪ್ರಾಬ್ 11 ಎಂಬ ಶ್ರೇಣಿಯಲ್ಲಿದೆ. 1384ರಿಂದ 1858ರವರೆಗಿನ ಹತ್ತು ಲಕ್ಷಕ್ಕೂ ಹೆಚ್ಚು ಉಯಿಲುಗಳು ಈ ಎರಡನೆಯ ಶ್ರೇಣಿಯಲ್ಲಿದ್ದು, ಅವುಗಳ ಚಿತ್ರಗಳನ್ನು ಇಂದು ಅಂತರಜಾಲದಲ್ಲಿ ಹೆಸರು, ಊರು, ಕಸುಬುಗಳ ಮೂಲಕ ಹುಡುಕಬಹುದು. ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಈ ನಕಲೇ. ಅದರಲ್ಲಿ ಸಹಿಯಿರುವ ಜಾಗದಲ್ಲಿ ಗುಮಾಸ್ತನ ಕೈಬರಹವಿರುತ್ತದೆಯೇ ಹೊರತು ಸತ್ತವರದಲ್ಲ. ಮೂಲದ ಒಡೆದ ಮೊಹರು, ಹೊಡೆದುಹಾಕಿದ ಸಾಲು, ನಡುಗಿದ ಕೈಯ ಸಹಿ ಬೇಕೆನ್ನುವವರು ಮೊದಲನೆಯ ಶ್ರೇಣಿಗೆ ಹೋಗಬೇಕು. ಬಹುತೇಕ ಓದುಗರು ನಕಲಿನಲ್ಲೇ ತೃಪ್ತರಾಗಿ ಹಿಂದಿರುಗುವುದು ವಿಷಾದದ ಸಂಗತಿ, ಏಕೆಂದರೆ ಕೆಲವು ಉಯಿಲುಗಳ ಜೀವವಿರುವುದು ಅವುಗಳ ತಿದ್ದುಪಡಿಗಳಲ್ಲಿ.

ಇದಕ್ಕೆ ಶೇಕ್ಸ್‌ಪಿಯರನ ಉಯಿಲಿಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಅವನು 1616ರ ಏಪ್ರಿಲ್ 23ರಂದು ತೀರಿಕೊಂಡದ್ದು ಸ್ಟ್ರಾಟ್‌ಫರ್ಡ್‌ನಲ್ಲಿ. ಆ ಊರು ವೂಸ್ಟರ್ ಧರ್ಮಪ್ರಾಂತಕ್ಕೆ ಸೇರಿದ್ದು. ಊರನ್ನೇ ಹಿಡಿದು ಹೊರಟವರು ವೂಸ್ಟರಿನ ಕಡತಗಳನ್ನು ಎಷ್ಟು ಮಗುಚಿದರೂ ಆ ಉಯಿಲು ಸಿಗುವುದಿಲ್ಲ, ಏಕೆಂದರೆ ಅವನ ಅಳಿಯ ಜಾನ್ ಹಾಲ್ ಅದನ್ನು ಜೂನ್ 22ರಂದು ಒಪ್ಪಿಸಿಕೊಂಡದ್ದು ಕ್ಯಾಂಟರ್‌ಬರಿಯ ನ್ಯಾಯಾಲಯದಲ್ಲಿ. ಮೂಲಪ್ರತಿ ಇಂದು ಕ್ಯೂನಲ್ಲಿ, ಪ್ರಸಿದ್ಧರ ಉಯಿಲುಗಳಿಗೆಂದೇ ಪ್ರತ್ಯೇಕಿಸಿದ ಪ್ರಾಬ್ 1 ಶ್ರೇಣಿಯಲ್ಲಿದೆ. ಮೂರು ಹಾಳೆಗಳು, ಪ್ರತಿ ಹಾಳೆಗೊಂದರಂತೆ ಮೂರು ಸಹಿಗಳು; ಅವನ ಕೈಯದೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಆರು ಸಹಿಗಳಲ್ಲಿ ಅರ್ಧ ಈ ಒಂದು ದಾಖಲೆಯಲ್ಲಿಯೇ ಇವೆ. ತಲೆಬರಹದ ತಾರೀಖಿನಲ್ಲಿ ಜನವರಿ ಎಂದು ಬರೆದದ್ದನ್ನು ಹೊಡೆದು ಮಾರ್ಚ್ ಎಂದು ತಿದ್ದಲಾಗಿದೆ. ನಡುವಿನ ಫೆಬ್ರವರಿಯಲ್ಲಿ ಕಿರಿಯ ಮಗಳು ಜೂಡಿತ್‌ಳ ಮದುವೆಯಾಗಿತ್ತು, ಅವಳ ಪಾಲಿಗೆ ಸಂಬಂಧಿಸಿದ ಭಾಗ ಮೊದಲ ಹಾಳೆಯಲ್ಲಿದೆ. ಹೆಂಡತಿಗೆ ಎರಡನೆಯ ಉತ್ತಮ ಮಂಚವನ್ನು ಕೊಟ್ಟಿದ್ದೇನೆಂಬ, ಬಹುಕಾಲ ಚರ್ಚೆಗೆ ಗ್ರಾಸವಾದ ಆ ಮಾತು ಮೂರನೆಯ ಹಾಳೆಯಲ್ಲಿ ಎರಡು ಸಾಲುಗಳ ನಡುವೆ ಇಕ್ಕಟ್ಟಿನಲ್ಲಿ ತುರುಕಿದಂತಿದೆ. ಹೆಮಿಂಗ್, ಬರ್ಬೇಜ್, ಕಾಂಡೆಲ್ ಎಂಬ ಮೂವರು ನಾಟಕದ ಒಡನಾಡಿಗಳಿಗೆ ಉಂಗುರ ಕೊಳ್ಳಲೆಂದು ಬಿಟ್ಟ ಹಣದ ಮಾತೂ ಹಾಗೆಯೇ ಸಾಲುಗಳ ನಡುವೆ ಬಂದದ್ದು. ಗುಮಾಸ್ತನ ನಕಲಿನಲ್ಲಿ ಇವೆಲ್ಲ ಮಿಕ್ಕ ಮಾತುಗಳ ಸಾಲಿನಲ್ಲಿಯೇ ಹೊಂದಿಕೊಂಡು, ನೆನಪಾಗಿ ಸೇರಿಸಿದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಎಂಬ ಭೇದವೇ ಅಳಿಸಿಹೋಗುತ್ತದೆ.

ಕಾದಂಬರಿಕಾರ್ತಿ ಜೇನ್ ಆಸ್ಟೆನ್‌ಳ ಉಯಿಲು ಬೇರೊಂದು ಪಾಠವನ್ನು ಹೇಳುತ್ತದೆ. ಆಕೆ ಅದನ್ನು 1817ರ ಏಪ್ರಿಲ್ 27ರಂದು ತನ್ನ ಕೈಯಿಂದಲೇ ಬರೆದು, ಸಾಕ್ಷಿಗಳ ಸಹಿಯಿಲ್ಲದೆ ಹಾಗೆಯೇ ಇಟ್ಟು, ಜುಲೈ 18ರಂದು ತೀರಿಕೊಂಡಳು. ಅಕ್ಕ ಕಸ್ಸಾಂಡ್ರಾಳಿಗೆ ಬಹುತೇಕ ಎಲ್ಲವನ್ನೂ, ಅಣ್ಣ ಹೆನ್ರಿಗೆ 50 ಪೌಂಡ್, ಅವನ ಮನೆಗೆಲಸ ನೋಡಿಕೊಂಡಿದ್ದ ಮದಾಂ ಬಿಜಿಯಾನ್ ಎಂಬ ಹೆಂಗಸಿಗೆ ಮತ್ತೊಂದು 50 ಪೌಂಡ್ ಬಿಟ್ಟ ಆ ಕಾಗದ ಕೆಲವೇ ಸಾಲುಗಳದು. ಸಾಕ್ಷಿಗಳಿಲ್ಲದ ಕಾರಣ ನ್ಯಾಯಾಲಯವು ಆಕೆಯನ್ನು ಬಲ್ಲ ಇಬ್ಬರನ್ನು ಕರೆಸಿ, ಅಕ್ಷರ ಆಕೆಯದೇ ಎಂದು ಪ್ರಮಾಣ ಮಾಡಿಸಿಕೊಂಡ ಬಳಿಕ ಸೆಪ್ಟೆಂಬರ್ 10ರಂದು ಪ್ರೊಬೇಟ್ ಕೊಟ್ಟಿತು. ಸಾವಿಗೂ ಪ್ರೊಬೇಟಿಗೂ ನಡುವೆ ಇಲ್ಲಿ ಎರಡು ತಿಂಗಳಿಗೂ ಕಡಿಮೆ ಅಂತರ. ವ್ಯಾಜ್ಯ ಬಿದ್ದಾಗಲೋ ನಿರ್ವಾಹಕ ದೂರದೇಶದಲ್ಲಿದ್ದಾಗಲೋ ಅದು ವರ್ಷಗಟ್ಟಲೆ ಎಳೆಯುತ್ತಿತ್ತು. ಸತ್ತ ವರ್ಷದ ಸೂಚಿಯಲ್ಲಿ ಹೆಸರು ಕಾಣಲಿಲ್ಲವೆಂದು ಪುಸ್ತಕ ಮುಚ್ಚಿಬಿಡುವವರು ಮುಂದಿನ ಹತ್ತಾರು ವರ್ಷಗಳ ಸೂಚಿಗಳನ್ನೂ ನೋಡುವ ತಾಳ್ಮೆಯನ್ನು ಬೆಳೆಸಿಕೊಳ್ಳಬೇಕು.

ತಾರೀಖಿನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಕಾನೂನಿನ ಲೆಕ್ಕದಲ್ಲಿ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ; ಹೀಗಾಗಿ 1640ರ ಫೆಬ್ರವರಿ ಎಂದು ಬರೆದಿದ್ದರೆ ಅದು ನಮ್ಮ ಲೆಕ್ಕಕ್ಕೆ 1641ರ ಫೆಬ್ರವರಿ. 1733ರವರೆಗೆ ಉಯಿಲಿನ ಮೈ ಇಂಗ್ಲಿಷಿನಲ್ಲಿದ್ದರೂ ಕೊನೆಯ ಪ್ರೊಬೇಟ್ ಒಕ್ಕಣೆ ಲ್ಯಾಟಿನ್ನಿನಲ್ಲಿರುತ್ತಿತ್ತು. ಆದರೆ ಆ ಒಕ್ಕಣೆ ನಮ್ಮ ಕ್ರಯಪತ್ರಗಳ ಚೆಕ್ಕುಬಂದಿಯ ಹಾಗೆ ಸಿದ್ಧ ಅಚ್ಚಿನದು, ಆದುದರಿಂದ ಒಮ್ಮೆ ಅರ್ಥಮಾಡಿಕೊಂಡರೆ ಹೆಸರು ಮತ್ತು ತಾರೀಖನ್ನು ಮಾತ್ರ ಹೆಕ್ಕಿಕೊಂಡರೆ ಸಾಕು. ಹದಿನಾರು ಹದಿನೇಳನೆಯ ಶತಮಾನಗಳ ಸೆಕ್ರೆಟರಿ ಹ್ಯಾಂಡ್ ಎಂಬ ಗುಮಾಸ್ತರ ಬರಹ ಮೊದಲ ನೋಟಕ್ಕೆ ಹುಳು ಹರಿದಂತೆ ಕಾಣುತ್ತದೆ. ಮೋಡಿ ಲಿಪಿಯ ಕಾಗದಗಳ ಮುಂದೆ ಕುಳಿತು ಬಲ್ಲವರಿಗೆ ಈ ಕಷ್ಟವೂ ಹೊಸದಲ್ಲ, ಅದು ಕರಗುವ ಬಗೆಯೂ ಹೊಸದಲ್ಲ: ಗೊತ್ತಿರುವ ಮಾತುಗಳಿಂದ ಗೊತ್ತಿಲ್ಲದ ಅಕ್ಷರಗಳಿಗೆ ಹೋಗುವುದು. ಆ ಕಾಲದ ಬಹುಪಾಲು ಉಯಿಲುಗಳು ದೇವರ ಹೆಸರಿನಿಂದ ತೊಡಗುವುದರಿಂದ ಆ ಮೊದಲ ಸಾಲುಗಳೇ ಅಕ್ಷರಾಭ್ಯಾಸಕ್ಕೆ ಒದಗುತ್ತವೆ. ಹೆಸರಿನ ಕಾಗುಣಿತಕ್ಕೆ ಆ ಕಾಲದಲ್ಲಿ ನಿಯಮವೇ ಇರದಿದ್ದ ಕಾರಣ, ಒಂದೇ ಮನೆತನದ ಹೆಸರನ್ನು ನಾಲ್ಕೈದು ರೀತಿಯಲ್ಲಿ ಬರೆದು ಹುಡುಕಬೇಕಾಗುತ್ತದೆ.

ಉಯಿಲು ಸಿಕ್ಕ ಮೇಲೆ ಅದನ್ನು ತಪ್ಪಾಗಿ ಓದುವ ಅಪಾಯ ಸಿಗದಿರುವ ಅಪಾಯಕ್ಕಿಂತ ದೊಡ್ಡದು. ಹಿರಿಯ ಮಗನಿಗೆ ಬರೀ ಒಂದು ಶಿಲ್ಲಿಂಗ್ ಬಿಟ್ಟಿದ್ದನ್ನು ಕಂಡು ತಂದೆಗೂ ಮಗನಿಗೂ ಹಗೆಯಿತ್ತೆಂದು ಬರೆದುಬಿಡುವವರಿದ್ದಾರೆ. ವಾಸ್ತವದಲ್ಲಿ ಆ ಮಗನ ಪಾಲು ಮದುವೆಯ ಕಾಲದಲ್ಲಿಯೇ ಅವನ ಕೈಸೇರಿರಬಹುದು, ಇಲ್ಲವೇ ಭೂಮಿ ಹಿರಿಯ ಮಗನಿಗೇ ಹೋಗಬೇಕೆಂಬ ಕಟ್ಟಿನಿಂದಾಗಿ ಉಯಿಲಿನ ಮಾತೇ ಬೇಕಾಗದೆ ಹೋಗಿರಬಹುದು. ಬಂಧುವಾಚಕಗಳೂ ಹಾದಿ ತಪ್ಪಿಸುತ್ತವೆ. ಮಾವ, ಚಿಕ್ಕಪ್ಪ, ಭಾವ, ಮೈದುನ ಎಂದು ಒಂದೊಂದು ಸಂಬಂಧಕ್ಕೂ ಒಂದೊಂದು ಮಾತಿರುವ ನಮ್ಮ ಭಾಷೆಯವರಿಗೆ, ಕಸಿನ್ ಎಂಬ ಒಂದೇ ಮಾತು ಹದಿನೇಳನೆಯ ಶತಮಾನದಲ್ಲಿ ಯಾವ ನೆಂಟನಿಗೂ ಸಲ್ಲುತ್ತಿತ್ತು, ಬ್ರದರ್ ಎಂದರೆ ಒಡಹುಟ್ಟಿದವನೂ ಆಗಬಹುದು ಹೆಂಡತಿಯ ತಮ್ಮನೂ ಆಗಬಹುದು ಎಂಬುದು ಸದಾ ಎಚ್ಚರದಲ್ಲಿರಬೇಕಾದ ವಿಷಯ.

ಯಾರು ಈ ದಾಖಲೆಗಳಲ್ಲಿ ಇಲ್ಲ ಎಂಬುದನ್ನೂ ಗಮನಿಸಬೇಕು. ಮದುವೆಯಾದ ಹೆಂಗಸಿನ ಚರಾಸ್ತಿ ಕಾನೂನಿನ ಕಣ್ಣಿನಲ್ಲಿ ಗಂಡನದೇ ಆಗಿದ್ದುದರಿಂದ, 1882ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆ ಬರುವವರೆಗೆ ಗಂಡನ ಒಪ್ಪಿಗೆಯಿಲ್ಲದೆ ಆಕೆ ಉಯಿಲು ಬರೆಯುವಂತಿರಲಿಲ್ಲ. ಹೀಗಾಗಿ ಅದಕ್ಕೆ ಹಿಂದಿನ ಸ್ತ್ರೀಯರ ಉಯಿಲುಗಳು ಬಹುಪಾಲು ವಿಧವೆಯರವು ಮತ್ತು ಮದುವೆಯಾಗದವರವು. ಬಡವರು ಉಯಿಲು ಬರೆಯುತ್ತಿದ್ದುದು ಕಡಿಮೆ. ಉಯಿಲಿಲ್ಲದೆ ಸತ್ತವರ ಹತ್ತಿರದ ನೆಂಟರಿಗೆ ನ್ಯಾಯಾಲಯ ಆಡಳಿತ ಪತ್ರ ಎಂಬ ಅಧಿಕಾರ ಕೊಡುತ್ತಿತ್ತು. ಕ್ಯಾಂಟರ್‌ಬರಿಯ ಮಟ್ಟಿಗೆ ಇವು ಪ್ರಾಬ್ 6 ಶ್ರೇಣಿಯಲ್ಲಿವೆ. ಹೆಸರು, ಊರು, ಅಧಿಕಾರ ಪಡೆದ ನೆಂಟನ ಗುರುತನ್ನು ಬಿಟ್ಟು ಹೆಚ್ಚಿನದೇನೂ ಅವುಗಳಲ್ಲಿ ಇರುವುದಿಲ್ಲ.

ಉಯಿಲಿಗಿಂತಲೂ ಬದುಕಿಗೆ ಹತ್ತಿರವಾದದ್ದು ಅದರ ಜೊತೆಗೆ ಸಲ್ಲಿಸುತ್ತಿದ್ದ ಸ್ವತ್ತಿನ ಪಟ್ಟಿ. 1529ರಿಂದ 1782ರವರೆಗೆ ನಿರ್ವಾಹಕರು ಸಾಮಾನ್ಯವಾಗಿ ಇಂಥದೊಂದು ಪಟ್ಟಿಯನ್ನು ಒಪ್ಪಿಸಬೇಕಿತ್ತು. ನೆರೆಹೊರೆಯ ಇಬ್ಬರು ಮೂವರು ಸತ್ತವರ ಮನೆಗೆ ಬಂದು, ಒಂದೊಂದೇ ಕೋಣೆಯನ್ನು ಹೊಕ್ಕು, ಮಂಚ, ಹಾಸಿಗೆ, ಹಿತ್ತಾಳೆಯ ಪಾತ್ರೆ, ಮಗ್ಗ, ಅಟ್ಟದ ಮೇಲಿನ ಧಾನ್ಯ, ಕೊಟ್ಟಿಗೆಯ ದನ, ಹೊಲದಲ್ಲಿ ನಿಂತ ಬೆಳೆ, ಬರಬೇಕಾದ ಸಾಲ ಎಲ್ಲಕ್ಕೂ ಬೆಲೆ ಕಟ್ಟಿ ಬರೆಯುತ್ತಿದ್ದರು. ಒಬ್ಬ ನೇಕಾರನ ಮನೆಯಲ್ಲಿ ಎಷ್ಟು ಕೋಣೆಗಳಿದ್ದವು, ಯಾವ ಕೋಣೆಯಲ್ಲಿ ಒಲೆಯಿತ್ತು, ಪುಸ್ತಕವಿತ್ತೇ, ಕನ್ನಡಿಯಿತ್ತೇ ಎಂಬುದನ್ನು ಯಾವ ಅರಸನ ಚರಿತ್ರೆಯೂ ಹೇಳದು, ಈ ಪಟ್ಟಿ ಹೇಳುತ್ತದೆ. ಶೇಕ್ಸ್‌ಪಿಯರನ ಪ್ರೊಬೇಟಿನ ಕೆಳಗೆ ಪಟ್ಟಿ ಸಲ್ಲಿಕೆಯಾಗಿದೆ ಎಂಬ ಲ್ಯಾಟಿನ್ ಟಿಪ್ಪಣಿಯಿದ್ದು, ಪಟ್ಟಿ ಮಾತ್ರ ಉಳಿದಿಲ್ಲ. ಅವನ ಮನೆಯಲ್ಲಿ ಯಾವ ಪುಸ್ತಕಗಳಿದ್ದವೆಂಬ ಪ್ರಶ್ನೆಗೆ ಉತ್ತರ ಅದರೊಡನೆಯೇ ಹೋಯಿತು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳ ತೀರದ ಕೊರಗು.

1858ರಲ್ಲಿ ಅಧಿಕಾರ ಸರ್ಕಾರಿ ನ್ಯಾಯಾಲಯಕ್ಕೆ ಬಂದ ಮೇಲೆ ಹುಡುಕಾಟ ಸರಳವಾಯಿತು. ಆ ವರ್ಷದಿಂದ ಇಡೀ ದೇಶಕ್ಕೆ ಒಂದೇ ಅಚ್ಚಾದ ವಾರ್ಷಿಕ ಸೂಚಿಯಿದ್ದು, ಸತ್ತವರ ಹೆಸರು, ವಿಳಾಸ, ಸತ್ತ ದಿನ, ನಿರ್ವಾಹಕರು, ಸ್ವತ್ತಿನ ಮೊತ್ತ ಎಲ್ಲವೂ ಅಕಾರಾದಿಯಲ್ಲಿ ಸಿಗುತ್ತವೆ. ಅದಕ್ಕೂ ಮುಂಚಿನ ಆರು ದಶಕಗಳಿಗೆ ಮರಣ ತೆರಿಗೆಯ ಪುಸ್ತಕಗಳು ದಾರಿದೀಪ. 1796ರಿಂದ ಈ ತೆರಿಗೆಯ ಲೆಕ್ಕವಿಟ್ಟ ಅಧಿಕಾರಿಗಳು ಉಯಿಲು ಯಾವ ನ್ಯಾಯಾಲಯದಲ್ಲಿ ಒಪ್ಪಿತವಾಯಿತೆಂದು ಬರೆದಿಡುತ್ತಿದ್ದುದರಿಂದ, ನ್ಯಾಯಾಲಯ ಯಾವುದೆಂದು ತಿಳಿಯದವರು ತೆರಿಗೆ ಪುಸ್ತಕದಿಂದ ಅದನ್ನು ಕಂಡುಕೊಳ್ಳಬಹುದು.

ಇಷ್ಟೆಲ್ಲ ಉಳಿದದ್ದು ತಾನಾಗಿಯೇ ಅಲ್ಲ. 1850ರಲ್ಲಿ ಚಾರ್ಲ್ಸ್ ಡಿಕನ್ಸ್ ತನ್ನ ಹೌಸ್‌ಹೋಲ್ಡ್ ವರ್ಡ್ಸ್ ಪತ್ರಿಕೆಯಲ್ಲಿ ಸಹೋದ್ಯೋಗಿಯೊಡನೆ ಬರೆದ ಲೇಖನವೊಂದು, ಧರ್ಮಪೀಠಗಳ ದಾಖಲೆಕೋಣೆಗಳಲ್ಲಿ ಉಯಿಲುಗಳು ದಿಕ್ಕಿಲ್ಲದೆ ಬಿದ್ದಿರುವುದನ್ನು ಓದುಗರ ಮುಂದಿಟ್ಟಿತ್ತು. 1922ರ ಜೂನ್ 30ರಂದು, ಐರ್ಲೆಂಡಿನ ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸ್ಫೋಟಕ್ಕೂ ಬೆಂಕಿಗೂ ತುತ್ತಾಗಿ ಆ ದೇಶದ ಹಳೆಯ ಉಯಿಲುಗಳಲ್ಲಿ ಬಹುಪಾಲು ಬೂದಿಯಾದವು. 1942ರ ಮೇ ತಿಂಗಳ ಬಾಂಬು ದಾಳಿಯಲ್ಲಿ ಎಕ್ಸೆಟರ್ ನಗರದ ಪ್ರೊಬೇಟ್ ಕಚೇರಿ ಸುಟ್ಟು, ಡೆವನ್ ಸೀಮೆಯ ಉಯಿಲುಗಳು ನಾಶವಾದವು. ನಾಶವಾಗುವ ಮುಂಚೆ ವಂಶಾವಳಿಯ ಆಸಕ್ತರು ಕೈಯಾರೆ ಮಾಡಿಟ್ಟ ಟಿಪ್ಪಣಿಗಳೇ ಇಂದು ಈ ಎರಡೂ ಕಡೆಯ ಎಷ್ಟೋ ಮನೆತನಗಳಿಗೆ ಉಳಿದಿರುವ ಆಧಾರ. ಇಂಥ ಅನುಭವವಿರುವ ಬ್ರಿಟನ್ನಿನ ಸರ್ಕಾರವೇ 2023ರ ಡಿಸೆಂಬರಿನಲ್ಲಿ, ಉಯಿಲುಗಳ ಚಿತ್ರ ತೆಗೆದಿಟ್ಟುಕೊಂಡು, ಪ್ರಸಿದ್ಧರವನ್ನು ಹೊರತುಪಡಿಸಿ ಮಿಕ್ಕವರ ಮೂಲ ಕಾಗದಗಳನ್ನು 25 ವರ್ಷದ ಬಳಿಕ ನಾಶಮಾಡುವ ಪ್ರಸ್ತಾವವನ್ನು ಮುಂದಿಟ್ಟಾಗ ಇತಿಹಾಸಕಾರರು ಬಲವಾಗಿ ವಿರೋಧಿಸಿದ್ದು ನ್ಯಾಯವಾಗಿಯೇ ಇತ್ತು. ಯಾರು ಪ್ರಸಿದ್ಧರೆಂದು ಸತ್ತ 25 ವರ್ಷಕ್ಕೆ ನಿರ್ಧರಿಸಲು ಯಾವ ಅಧಿಕಾರಿಗೂ ಸಾಧ್ಯವಿಲ್ಲ. ತನ್ನ ಕಾದಂಬರಿಗಳ ಮೇಲೆ ಹೆಸರನ್ನೇ ಹಾಕದೆ ಪ್ರಕಟಿಸಿ ತೀರಿಕೊಂಡ ಜೇನ್ ಆಸ್ಟೆನ್‌ಳ ಒಂಟಿ ಹಾಳೆ ಅಂಥ ನಿಯಮದಡಿ ಉಳಿಯುತ್ತಿತ್ತೇ ಎಂದು ಕೇಳಿಕೊಂಡರೆ ಸಾಕು.

ಈ ದಾಖಲೆಗಳು ಕನ್ನಡ ನಾಡನ್ನು ಮುಟ್ಟುವ ಜಾಗವೊಂದಿದೆ. ಕ್ಯಾಂಟರ್‌ಬರಿಯ ಹಳೆಯ ಸೂಚಿಗಳಲ್ಲಿ ಕೆಲವು ಹೆಸರುಗಳ ಮುಂದೆ ಊರಿನ ಬದಲು ಪಾರ್ಟ್ಸ್ ಎಂಬುದರ ಮೊಟಕು ರೂಪ ಮಾತ್ರ ಇರುತ್ತದೆ. ಹೊರನಾಡಿನಲ್ಲಿ ಸತ್ತವರು ಎಂಬುದು ಅದರ ಅರ್ಥ. ಈಸ್ಟ್ ಇಂಡಿಯಾ ಕಂಪನಿಯ ನೌಕರರು, ಸಿಪಾಯಿದಳದ ಅಧಿಕಾರಿಗಳು, ಹಡಗಿನವರು ಅಲ್ಲಿ ಹೀಗೆ ಕಾಣಿಸಿಕೊಳ್ಳುತ್ತಾರೆ. ಇವರಲ್ಲಿ ಹಲವರ ಉಯಿಲು ಇಲ್ಲಿಯೂ ಒಪ್ಪಿತವಾಗಿರುತ್ತಿತ್ತು. 1726ರ ರಾಜಶಾಸನದ ಮೂಲಕ ಮದರಾಸು, ಬೊಂಬಾಯಿ, ಕಲ್ಕತ್ತೆಗಳಲ್ಲಿ ಸ್ಥಾಪನೆಯಾದ ಮೇಯರನ ನ್ಯಾಯಾಲಯಗಳಿಗೆ ಪ್ರೊಬೇಟ್ ಕೊಡುವ ಅಧಿಕಾರವಿತ್ತು. ಅದು ಮುಂದೆ ಸುಪ್ರೀಂ ಕೋರ್ಟುಗಳಿಗೂ, 1862ರಿಂದ ಹೈಕೋರ್ಟುಗಳಿಗೂ ಬಂತು. ಬಳ್ಳಾರಿ ಮತ್ತು ಕೆನರಾ ಸೀಮೆಗಳು ಮದರಾಸಿಗೆ ಸೇರಿದ್ದ ಕಾಲದಲ್ಲಿ ಅಲ್ಲಿ ತೀರಿಕೊಂಡ ಯುರೋಪಿಯನ್ನರ, 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನ ಅಧಿಕಾರಿಗಳ ಉಯಿಲುಗಳನ್ನು ಮದರಾಸಿನ ಕಡತಗಳಲ್ಲಿ ಹುಡುಕಬೇಕು. ಉತ್ತರ ಕನ್ನಡ 1862ರಲ್ಲಿ ಬೊಂಬಾಯಿಗೆ ವರ್ಗವಾದ ಕಾರಣ, ಅದರ ಪಾಲಿಗೆ ಆ ವರ್ಷದಿಂದ ಬೊಂಬಾಯಿಯದೇ ಕಡತ. ಈ ಮೂರೂ ಪ್ರಾಂತಗಳ ನಕಲುಗಳನ್ನು ಕಂಪನಿಯವರು ಲಂಡನ್ನಿಗೆ ಕಳುಹಿಸುತ್ತಿದ್ದರು. ಅವು ಇಂದು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಸುರಕ್ಷಿತವಾಗಿವೆ.

ಅಲ್ಲಿನ ಸ್ವತ್ತಿನ ಪಟ್ಟಿಗಳು ಇಂಗ್ಲೆಂಡಿನ ಪಟ್ಟಿಗಳಿಗಿಂತ ಬೇರೆ ಬಗೆಯವು. ದಂಡಯಾತ್ರೆಯಲ್ಲಿ ಅಧಿಕಾರಿಯೊಬ್ಬ ಸತ್ತರೆ ಅವನ ವಸ್ತುಗಳನ್ನು ಬಹುಬೇಗ ಹರಾಜು ಹಾಕಿ, ಯಾವ ವಸ್ತು ಯಾರಿಗೆ ಎಷ್ಟಕ್ಕೆ ಹೋಯಿತೆಂದು ಲೆಕ್ಕ ಬರೆಯುತ್ತಿದ್ದರು. ಕುದುರೆ, ಜೀನು, ಡೇರೆ, ಅಂಗಿಗಳು, ಪುಸ್ತಕ, ಮದಿರೆಯ ಸೀಸೆ ಎಂದು ಸಾಗುವ ಆ ಸಾಲುಗಳಲ್ಲಿ ಕೊಂಡವರ ಹೆಸರುಗಳೂ ಇರುವುದರಿಂದ ಒಂದು ಪಾಳೆಯದ ಬದುಕೇ ಕಣ್ಣಿಗೆ ಬರುತ್ತದೆ. ಉಯಿಲುಗಳಲ್ಲಿಯಾದರೋ, ಕಂಪನಿಯವರೊಡನೆ ಬಾಳಿದ ಭಾರತೀಯ ಹೆಂಗಸರಿಗೂ ಅವರ ಮಕ್ಕಳಿಗೂ ಬಿಟ್ಟ ಹಣದ, ಮನೆಯ ಉಲ್ಲೇಖಗಳು ಬರುತ್ತವೆ. ಎಷ್ಟೋ ಕಡೆ ಆ ಹೆಂಗಸರ ಪೂರ್ಣ ಹೆಸರನ್ನೂ ಬರೆಯುವ ಗೋಜಿಗೆ ಹೋಗಿಲ್ಲ. ಬೇರೆಲ್ಲಿಯೂ ಒಂದು ಅಕ್ಷರವನ್ನೂ ಉಳಿಸದೆ ಹೋದ ಅವರ ಇರವಿಗೆ ಉಯಿಲಿನ ಆ ಒಂದು ಸಾಲೇ ಸಾಕ್ಷಿ. ಇತಿಹಾಸಕಾರರಾದ ದುರ್ಬಾ ಘೋಷ್ ಅವರು 2006ರಲ್ಲಿ ಪ್ರಕಟಿಸಿದ, ವಸಾಹತು ಕಾಲದ ಕುಟುಂಬಗಳನ್ನು ಕುರಿತ ಅಧ್ಯಯನ ಇಂಥ ಉಯಿಲುಗಳನ್ನು ಮುಖ್ಯ ಆಕರಗಳಲ್ಲಿ ಒಂದಾಗಿ ಬಳಸಿಕೊಂಡಿದೆ.

ಇನ್ನು ಕನ್ನಡಿಗರ ಉಯಿಲುಗಳ ಮಾತು. ಇಲ್ಲಿ ದಾರಿ ಬೇರೆಯಾಗುತ್ತದೆ. 1870ರ ಹಿಂದೂ ಉಯಿಲುಗಳ ಕಾಯಿದೆ ಅನ್ವಯಿಸಿದ್ದು ಬಂಗಾಳಕ್ಕೂ, ಮದರಾಸು ಮತ್ತು ಬೊಂಬಾಯಿ ನಗರಗಳಿಗೂ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೂ ಹಿಂದೂಗಳ ಉಯಿಲಿಗೆ ಪ್ರೊಬೇಟನ್ನು ಕಡ್ಡಾಯ ಮಾಡಿದ್ದು ಆ ಪ್ರದೇಶಗಳಲ್ಲಿ ಬರೆದ ಅಥವಾ ಅಲ್ಲಿನ ಸ್ಥಿರಾಸ್ತಿಗೆ ಸಂಬಂಧಿಸಿದ ಉಯಿಲುಗಳಿಗೆ ಮಾತ್ರ. ಆದುದರಿಂದ ಧಾರವಾಡದ ರೈತನೋ ಮೈಸೂರಿನ ವರ್ತಕನೋ ಬರೆದ ಉಯಿಲು, ವ್ಯಾಜ್ಯವೇಳದ ಹೊರತು, ನ್ಯಾಯಾಲಯದ ಮೆಟ್ಟಿಲನ್ನು ಹತ್ತದೆ ಮನೆಯ ಪೆಟ್ಟಿಗೆಯಲ್ಲಿಯೇ ಉಳಿಯುವುದು ಸಹಜವಾಗಿತ್ತು. ಭಾರತೀಯ ಕ್ರೈಸ್ತರ ಸ್ಥಿತಿ ಹಾಗಿರಲಿಲ್ಲ. 2002ರ ತಿದ್ದುಪಡಿಯವರೆಗೆ ಅವರ ಉಯಿಲಿನ ಮೇಲೆ ಹಕ್ಕು ಸಾಧಿಸಲು ಪ್ರೊಬೇಟ್ ಬೇಕಿದ್ದುದರಿಂದ, ಮಂಗಳೂರು ಕಡೆಯ ಕ್ರೈಸ್ತ ಮನೆತನಗಳ ಚರಿತ್ರೆ ಬರೆಯುವವರಿಗೆ ಜಿಲ್ಲಾ ನ್ಯಾಯಾಲಯದ ಹಳೆಯ ಕಡತಗಳು ಫಲ ಕೊಡಬಹುದು.

ಉಳಿದವರ ಮಟ್ಟಿಗೆ ನೋಡಬೇಕಾದ್ದು ಉಪನೋಂದಣಾಧಿಕಾರಿಯ ಕಚೇರಿ. ಉಯಿಲನ್ನು ನೋಂದಣಿ ಮಾಡಿಸಲೇಬೇಕೆಂಬ ಕಟ್ಟುಪಾಡಿಲ್ಲ. ಮಾಡಿಸಿದ್ದರೆ, 1908ರ ನೋಂದಣಿ ಕಾಯಿದೆಯ ಪ್ರಕಾರ ಅದರ ನಕಲು 3ನೆಯ ಪುಸ್ತಕವೆಂಬ ಪ್ರತ್ಯೇಕ ವಹಿಯಲ್ಲಿ ಇರುತ್ತದೆ. ಕ್ರಯಪತ್ರಗಳಿರುವ 1ನೆಯ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು, 3ನೆಯದು ಹಾಗಲ್ಲ. ಬರೆದವರು ಬದುಕಿರುವವರೆಗೆ ಅದರ ಪ್ರತಿ ಅವರ ಕಡೆಯವರಿಗೆ ಮಾತ್ರ, ತೀರಿಕೊಂಡ ಮೇಲೆ ಅರ್ಜಿ ಹಾಕಿದ ಯಾರಿಗಾದರೂ ಸಿಗುತ್ತದೆ. ಆದರೆ ಉಯಿಲನ್ನು ಯಾವ ಕಚೇರಿಯಲ್ಲಿ ಬೇಕಾದರೂ ನೋಂದಣಿ ಮಾಡಿಸಲು ಕಾಯಿದೆ ಅವಕಾಶ ಕೊಡುವುದರಿಂದ, ಯಾವ ಕಚೇರಿಯ 3ನೆಯ ಪುಸ್ತಕವನ್ನು ತೆಗೆಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಜಮೀನು ಹಾವೇರಿಯಲ್ಲಿದ್ದು, ಮುದುಕರು ಕೊನೆಗಾಲಕ್ಕೆ ಮಗಳ ಮನೆ ಸೇರಿ ದಾವಣಗೆರೆಯಲ್ಲಿ ಉಯಿಲು ಮಾಡಿಸಿರುವುದು ಅಪರೂಪವೇನಲ್ಲ. ಅಂಥಲ್ಲಿ ಹಾವೇರಿಯ ಜಮೀನಿನ ಪಹಣಿಯನ್ನು, ಅಂದರೆ ಕಂದಾಯದ ಹಕ್ಕುದಾಖಲೆಯನ್ನು, ಹಿಡಿಯಬೇಕು. ಹಕ್ಕು ಬದಲಾದಾಗಲೆಲ್ಲ ಪಹಣಿಯ ಕಲಮಿನಲ್ಲಿ ಎಂ.ಆರ್. (ಹಕ್ಕು ಬದಲಾವಣೆಯ ವಹಿ) ಸಂಖ್ಯೆ ಬೀಳುತ್ತದೆ; ತಾಲ್ಲೂಕು ಕಚೇರಿಯ ದಾಖಲೆಕೋಣೆಯಲ್ಲಿ ಆ ಸಂಖ್ಯೆಯ ಎಂ.ಆರ್. ಪ್ರತಿಯನ್ನು ತೆಗೆಸಿದರೆ, ಖಾತೆ ಪೌತಿಯಿಂದ (ಖಾತೆದಾರರ ಸಾವಿನಿಂದ) ಬದಲಾಯಿತೋ ವಿಭಾಗದಿಂದಲೋ ವಿಲ್ಲಿನಿಂದಲೋ ಎಂದು ಅದರಲ್ಲಿ ಬರೆದಿರುತ್ತದೆ, ವಿಲ್ಲಿನಿಂದ ಎಂದಿದ್ದರೆ ಅದರ ತಾರೀಖು, ನೋಂದಣಿಯ ಸಂಖ್ಯೆ, ಕಚೇರಿಯ ಹೆಸರು ಸಾಮಾನ್ಯವಾಗಿ ಅದೇ ಹಾಳೆಯಲ್ಲಿ ಸಿಗುತ್ತವೆ.